ಖಾಲಿ ಬಿಟ್ಟ ಎಂಟು ಮಾತ್ರಿ

ಆಷಾಢದಾಗ ಲಗ್ನ ಇಲ್ಲ, ಬ್ಯಾಂಡಿಗೆ ಕೆಲಸ ಇಲ್ಲ.
ಶಹಾಪೇಟಿ ಓಣ್ಯಾಗ ತಗಡಿನ ಶೆಡ್ಡು,
ಗ್ವಾಡಿಗೆ ತೂಗು ಹಾಕಿದ ಹನ್ನೊಂದು ಕೆಂಪು ಕೋಟು,
ಹುಣಸಿಹಣ್ಣು ಹಚ್ಚಿ ತಿಕ್ಕಿದ ಪಿತ್ತಳಿ.
ಯಲಗೂರದಪ್ಪ ಭಜಂತ್ರಿ ಮಾಸ್ತರ
ಕಿರಾಣಿ ಲೆಕ್ಕದ ಹಳೇ ವಹಿ ತೆರೆದು ಅಂದ:
"ಈ ಸಲ ಸಿನಿಮಾ ಪದ ಬ್ಯಾಡ. ಊರು ಊದೋಣು."

ನಾವು ನಕ್ಕಿವಿ.
ಊರೇನು ಹೊಟ್ಟೇನ್ರಿ, ಊದಿದ್ರ ಹಾರಾಕ?

ಗೋಳಗುಮ್ಮಟಕ್ಕ ಬಂದಗಿಸಾಬ ತನ್ನ ದೊಡ್ಡ ಬಾಜಾ ಎತ್ತಿದ,
ಗಲ್ಲ ಉಬ್ಬಿಸಿದ, ಆನಿ ಬಂದಂಗ ಗುಡುಗಿದ.
ಮಾಸ್ತರ ಕೈ ಅಡ್ಡ ಹಿಡದ.
"ಗುಮ್ಮಟಕ್ಕ ಸ್ವಂತ ದನಿ ಅದ ಏನೋ?
ಒಂದು ಇಸಗೊಂಡು ಏಳು ತಿರುಗಿ ಕೊಡೂ ಸಾಲಗಾರ ಅದು."
ಹಂಗಾಗಿ ಕಾರ್ನೆಟ್ಟಿನ ಹುಡುಗ ಪರಸು ಒಂದು ಪ ಊದಿದ,
ಒಬ್ಬರ ಹಿಂದ ಒಬ್ಬರು ಅದನ್ನ ಇಸಗೊಂಡಿವಿ.
ಏಳನೇ ಕೈಗೆ ಬರೂದ್ರಾಗ
ನನ್ನ ಕ್ಲಾರಿನೆಟ್ಟಿನಾಗ ನೂಲಿನಷ್ಟ ಉಳದಿತ್ತು.

ಮಲಿಕ್-ಎ-ಮೈದಾನ ತೋಪಿಗೆ ಢೋಲ ಬೇಕಂದ್ರು ಎಲ್ಲಾರೂ.
ಬ್ಯಾಡ ಅಂದ. ಸ್ವರ ಬ್ಯಾಡ, ಬರೇ ಗಾಳಿ ಬಿಡ್ರಿ.
ಉರಿ ಬಿಸಲಾಗೂ ಮೈ ತಣ್ಣಗ ಇಟಗೊಂಡು
ಬಾಯಿ ತೆರೆದು ಕುಂತದ ಅದು,
ನಮ್ಮ ಬಾಜಾಗೋಳ ದೊಡ್ಡಪ್ಪ.
ಅದು ಊದಿದಾಗ ಮಂದಿ ಸತ್ತರು,
ನಾವು ಊದಿದಾಗ ಲಗ್ನ ಆದವು.

ತಾಜಬಾವಡಿ ಮಾತ್ರ ಬಂದಗಿಸಾಬಗ ಬಿಟ್ಟ.
ಸಾ ನಿ ಧ ಪ, ಮೆಟ್ಟಲಾ ಮೆಟ್ಟಲಾ ಇಳದ,
ತಳದಾಗ ನಿಂತು ಕೀಲಿ ಒತ್ತಿ
ನಳಗ್ಯಾಗಿನ ಎಂಜಲ ನೀರು ತಟಕ್ ತಟಕ್ ಕೆಳಗ ಬಿಟ್ಟ.
ಅದನ್ನೂ ಬರಕೊಂಡ ಮಾಸ್ತರ.

"ಇದರಾಗ ನಮ್ಮ ಓಣಿ ಎಲ್ಲಿ ಬರತದ್ರಿ?" ಪರಸು ಕೇಳಿದ.
"ನೀ ಸ್ವರ ತಪ್ಪಿದಲ್ಲೆಲ್ಲಾ."

ಬಾರಾಕಮಾನ ಬಂದಾಗ ವಹಿಯೊಳಗ ಏನೂ ಇರಲಿಲ್ಲ.
ಎಂಟು ಮಾತ್ರಿ, ಖಾಲಿ ಗೀಟು.
"ಹೊಟ್ಟಿ ತುಂಬ ಉಸಿರು ತಗೋರಿ.
ತಗೊಂಡು, ಊದಬ್ಯಾಡ್ರಿ."
ಹನ್ನೊಂದು ಎದಿ, ಮಾಸ್ತರಂದೂ ಹಿಡದು ಹನ್ನೆರಡು,
ಕಮಾನಿನಂಗ ಎದ್ದು ನಿಂತವು.
ಮ್ಯಾಲ ಛತ್ತಿಲ್ಲ.

ತುಳಸಿ ಲಗ್ನ ಆದಮ್ಯಾಲ ಮೊದಲ ಮೆರವಣಿಗಿ, ಗಾಂಧಿಚೌಕಿನಾಗ
ಡಿಜೆ ಗಾಡಿಯ ಜನರೇಟರ ಕೆಮ್ಮಿ ಸತ್ತಿತು.
ಮಾಸ್ತರ ನಮ್ಮ ಕಡೆ ನೋಡಿದ. ಶುರು ಮಾಡಿದಿವಿ.
ಯಾರೂ ಕುಣಿಲಿಲ್ಲ.
ಮದುಮಗನ ಕಾಕಾ ಹತ್ತರ ನೋಟು ಹಿಡಕೊಂಡು
ಯಾರ ತಲಿ ಮ್ಯಾಲ ಇಳೇ ತಗೀಬೇಕು ತಿಳೀದ ನಿಂತಿದ್ದ.
ಗುಮ್ಮಟ ಹೋತು, ತೋಪು ಹೋತು,
ಬಾವಡಿ ಇಳದು ಎದ್ದಿವಿ.

ಉಸಿರು ತಗೊಂಡಿವಿ. ಹಿಡದಿವಿ.
ಟಾಂಗಾ ಕುದುರಿಯ ಲಾಳ.
ಖಾನಾವಳಿ ಒಳಗ ರೊಟ್ಟಿ ತಟ್ಟೂ ಸಪ್ಪಳ.
ಮತ್ತ ಗದ್ದಲದ ಹಿಂದಿಂದ ಒಬ್ಬಾಕಿ ಮುದುಕಿ,
ತಲಿ ಮ್ಯಾಲ ಬದನಿಕಾಯಿ ಬುಟ್ಟಿ, ಸಿಟ್ಟಲೆ ಕೂಗಿದಳು:
"ಯಾಕ್ರೋ, ಅರ್ಧಕ್ಕ ನಿಂತ್ರಿ?"

ಆ ರಾತ್ರಿ ಮಾಸ್ತರ ವಹಿ ತೆರೆದ,
ಪೆನ್ಸಿಲ್ ಎತ್ತಿದ, ನಾಲಿಗಿಗೆ ಹಚ್ಚಿದ, ಮತ್ತ ಇಟ್ಟ.
"ಬಿಡು. ಅದು ನಮ್ಮ ಪಾಲಿನ ಸ್ವರ ಅಲ್ಲ."

ಈಗ ಎಲ್ಲಿ ಊದಿದ್ರೂ ಆ ಜಾಗಾ ಖಾಲಿ.
ಸಿಂದಗಿ, ಇಂಡಿ, ತಾಳಿಕೋಟಿ;
ಯಾರಿಗೂ ಹೇಳಿಕೊಟ್ಟಿಲ್ಲ,
ಎಂಟನೇ ಮಾತ್ರಿಗೆ ಯಾರರೆ ಒಬ್ಬರು ಕೇಳೇ ಕೇಳತಾರ.

ಬಾಗೇವಾಡ್ಯಾಗ ಮಾತ್ರ ಒಮ್ಮಿ ಯಾರೂ ಕೇಳಲಿಲ್ಲ.
ಹಂಗ ನಿಂತಿವಿ ಹನ್ನೆರಡು ಮಂದಿ,
ಉಸಿರು ಹಿಡಕೊಂಡು,
ಮಾರಿ ಕ್ವಾಟಿನಷ್ಟ ಕೆಂಪಾಗೂತನಕ.