ಸೊನ್ನೆ ಯಾಕ ಸೊನ್ನೆ

ಕಲಶೆಟ್ಟಿ ಸರ್ ಹೇಳಿಕೊಟ್ಟದ್ದು ಇಷ್ಟು:
ಲೆಕ್ಕ ಮುಗಿದರೆ ಉತ್ತರದ ಕೆಳಗೆ
ಸ್ಕೇಲಿಟ್ಟು ಎರಡು ಗೆರೆ.
ಕುಂಭಾರಿಯ ಕನ್ನಡ ಶಾಲೆಯಲ್ಲಿ
ಹತ್ತು ವರ್ಷ ಗೆರೆ ಎಳೆದೆ.
ನಲ್ಲಿಯಿಂದ ಹೌದು ತುಂಬಿತು, ಗೆರೆ.
ಎರಡು ರೈಲು ಒಂದನ್ನೊಂದು ದಾಟಿದವು, ಗೆರೆ.
ಎಂಟು ಆಳು ಗೋಡೆ ಕಟ್ಟಿ ಮನೆಗೆ ಹೋದರು,
ಅವರ ಬೆನ್ನ ಹಿಂದೆಯೂ ಗೆರೆ.
ಪುಸ್ತಕದ ಕೊನೆಯ ಪುಟಗಳಲ್ಲಿ ಉತ್ತರಗಳು
ಮೊದಲೇ ಬಂದು ಕೂತಿರುತ್ತಿದ್ದವು,
ಊಟಕ್ಕೆ ಬೇಗ ಬಂದ ಬೀಗರ ಹಾಗೆ.
ನೂರಕ್ಕೆ ತೊಂಬತ್ತೆಂಟು.
ಎರಡು ಹೋದದ್ದು ಗೆರೆ ಸೊಟ್ಟಗಾದ್ದಕ್ಕೆ.

ಸೋಲಾಪುರದ ಕಾಲೇಜಿನಲ್ಲಿ ಮೊದಲ ವಾರ
ಮೋಹೋಳಕರ ಮೇಡಂ ಮರಾಠಿಯಲ್ಲಿ ಹಾಜರಿ ಕರೆದು
ಇಂಗ್ಲಿಷಿನಲ್ಲಿ ಪಾಠ ಶುರುಮಾಡಿ
ಬೋರ್ಡಿನ ಮೇಲೆ ಬರೆದರು:
ಎ ಗುಣಿಲೆ ಸೊನ್ನೆ, ಬರಾಬರಿ ಸೊನ್ನೆ.
ಅದರ ಕೆಳಗೆ ಒಂದೇ ಪದ: ಯಾಕೆ?

ನಗು ಬಂತು. ಮೂರನೇ ಇಯತ್ತೆಯಲ್ಲಿ ಮುಗಿದದ್ದು.
ಕೈ ಎತ್ತಿ, ಅದು ಹಂಗೇ ಇರೂದು ಮೇಡಂ, ಅಂದೆ,
ಯಾವ ಭಾಷೆಯಲ್ಲಿ ಅಂದೆನೋ ನೆನಪಿಲ್ಲ.
ಗಾಳಿಯಲ್ಲಿ ಬರೆದದ್ದನ್ನು ಒರೆಸುವಂತೆ
ಅವರು ಡಸ್ಟರ್ ಹಿಡಿದ ಕೈ ಬೀಸಿದರು.
ನಿಮ್ಮ ಹತ್ತಿರ ಇರುವುದು ಐದಾರು ನಿಯಮ, ಅಷ್ಟೇ.
ಮಿಕ್ಕ ತಿಳಿವಳಿಕೆಯೆಲ್ಲ ಚಪ್ಪಲಿಯ ಜೊತೆ
ಬಾಗಿಲ ಹೊರಗೆ ಬಿಟ್ಟು ಬನ್ನಿ.

ಆ ರಾತ್ರಿ ಪುಸ್ತಕದ ಕೊನೆ ತೆರೆದೆ. ಏನೂ ಇರಲಿಲ್ಲ.
ಇದ್ದರೂ ಏನು, ಉತ್ತರ ನನ್ನ ಕೈಯಲ್ಲೇ ಇತ್ತಲ್ಲ,
ಇಲ್ಲದ್ದು ದಾರಿ.

ಅವ್ವ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು,
ಇಪ್ಪತ್ತೈದಕ್ಕೊಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ.
ಬೆರಳು ಎಣಿಸುತ್ತಿದ್ದವು, ಅವಳು ಎಣಿಸುತ್ತಿರಲಿಲ್ಲ.
"ಏನವಾ ಮಹಾನಂದಾ, ಪೆನ್ನ ಯಾಕ ಕಡೀತಿ?"
ಹೇಳಿದೆ.
"ಸೊನ್ನೆ ಬೀಡಿ ಕಟ್ಟಿದ್ರ ಸೊನ್ನೆ ರೂಪಾಯಿ.
ದರ ಎಷ್ಟರ ಇರಲಿ. ಇದಕ್ಕ ಕಾಲೇಜ ಬೇಕ?"
ಅವಳದು ನಿಜ. ಆದರೆ ಬೀಡಿಗಷ್ಟೇ ನಿಜ.
ಮೇಡಂ ಕೇಳಿದ್ದು ಎರಡರ ವರ್ಗಮೂಲಕ್ಕೂ,
ಇನ್ನೂ ಯಾರೂ ಹೆಸರಿಡದ ಸಂಖ್ಯೆಗೂ.

ಶನಿವಾರ ಬ್ರಾಂಚಿಗೆ ಬುಟ್ಟಿ ನಾನೇ ಹೊತ್ತೆ.
ಚೆಕರ್ ಯೆಮುಲ ಒಂದು ಹಿಡಿ ಬೀಡಿ ತೆಗೆದು
ನೋಡದೆಯೇ ಬದಿಗೆ ಎಸೆದ: ಬಾದ.
ಸಾಲಿನಲ್ಲಿದ್ದವರು ನೆಲ ನೋಡಿದರು.
ಅವ್ವ, ಸುಗಲಾಬಾಯಿ, ಸಹಿಗೆ ಹೆಬ್ಬೆಟ್ಟು ಒತ್ತುವವಳು,
ಒಂದೊಂದೇ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟಳು.
"ಬಾದ ಅಂದ್ರ ಬಾದ ಆಗೂದಿಲ್ಲೋ ತಮ್ಮಾ.
ಇದರಾಗ ಏನ ತಪ್ಪ? ತೋರ್ಸು. ಇದರಾಗ? ತೋರ್ಸು."
ಹನ್ನೊಂದರಲ್ಲಿ ಎರಡಕ್ಕೆ ಬಾಯಿ ಸರಿ ಮಡಚಿರಲಿಲ್ಲ,
ಅದನ್ನು ಅವಳೇ ಹೇಳಿದಳು.
ಒಂಬತ್ತು ಮರಳಿ ಬಂದವು.

ತಂಬಾಕಿನ ಘಾಟಿಗೆ ಸೀನುತ್ತ ಅಲ್ಲೇ ನಿಂತು
ಪಗಾರದ ಚೀಟಿಯ ಹಿಂದೆ ಬರೆದೆ:
ಸೊನ್ನೆ ಅಂದರೆ ಸೊನ್ನೆ ಕೂಡಿಸು ಸೊನ್ನೆ.
(ಇದು ನಿಯಮ. ಇದನ್ನು ಯಾರೂ ಬದಿಗೆ ಎಸೆಯುವಂತಿಲ್ಲ.)
ಹಾಗಾದರೆ ಎ ಗುಣಿಲೆ ಸೊನ್ನೆ ಅಂದರೆ
ಎ ಗುಣಿಲೆ ಸೊನ್ನೆ, ಅದಕ್ಕೆ ಇನ್ನೊಂದು ಎ ಗುಣಿಲೆ ಸೊನ್ನೆ.
ಒಂದು ಇದ್ದದ್ದು ಎರಡಾಗಿಯೂ ಅಷ್ಟೇ ಉಳಿಯಿತು.
ಆ ಕಡೆಯಿಂದ ಒಂದು ತೆಗೆ. ಈ ಕಡೆಯಿಂದ ಒಂದು ತೆಗೆ.
ಈ ಕಡೆ ಏನೂ ಇಲ್ಲ.
ಆ ಕಡೆ, ಎ ಗುಣಿಲೆ ಸೊನ್ನೆ.

ಗೆರೆ ಎಳೆಯಲು ಕೈ ಹೋಯಿತು.
ಎಲ್ಲಿ ಎಳೆಯಲಿ? ಉತ್ತರ ಮೊದಲೇ ಗೊತ್ತಿದ್ದದ್ದು.
ಹೊಸದಾಗಿ ಬಂದದ್ದು ನಡುವಿನ ನಾಲ್ಕು ಸಾಲು.

ಸೋಮವಾರ ಮೇಡಂ ಚೀಟಿ ಓದಿ, ತಿರುಗಿಸಿ
ಪಗಾರವನ್ನೂ ಓದಿ, ಏನೂ ಅನ್ನದೆ
ಮುಂದಿನದನ್ನು ಕೊಟ್ಟರು:
ಋಣ ಒಂದನ್ನು ಋಣ ಒಂದರಿಂದ ಗುಣಿಸಿದರೆ ಒಂದು. ಯಾಕೆ?
ಋಣ ಋಣ ಧನ, ಋಣ ಋಣ ಧನ,
ಕಲಶೆಟ್ಟಿ ಸರ್ ಮುಂದೆ ಇಡೀ ವರ್ಗ ತೂಗುತ್ತ ಹೇಳುತ್ತಿತ್ತು.
ಮನೆಗೆ ಬಂದು ಅವ್ವನಿಗೆ ಹೇಳಿದೆ.
ಮುಂಗಡ ಬರೆದ ಬ್ರಾಂಚಿನ ಕಾರ್ಡು ಟ್ರಂಕಿನ ಮೇಲಿತ್ತು.
"ಸಾಲಕ್ಕ ಸಾಲ ಗುಣಿಸಿದ್ರ ದುಡ್ಡಾ?"
ಎಲೆ ಕತ್ತರಿಸುವುದು ಬಿಟ್ಟು ನಕ್ಕಳು,
ಕೆಮ್ಮು ಬರುವ ತನಕ ನಕ್ಕಳು.
"ಇದೊಂದ ಲಗೂನ ತೋರ್ಸವಾ."