ಪೀಲಿಯ ನಾಲ್ಕನೇ ದಿನ

ಶಿಡ್ಲಘಟ್ಟದ ಪಶು ಆಸ್ಪತ್ರೆಗೆ
ನಾಲ್ಕನೇ ದಿನ ಮತ್ತೆ ಬಂದರು ಇನಾಯತ್ ಸಾಬರು.
ಕೈಯಲ್ಲಿ ಬೆಕ್ಕಿರಲಿಲ್ಲ. ಅದನ್ನು ತಂದಿದ್ದ
ಗೂಡಿನ ಬುಟ್ಟಿ ಇತ್ತು, ಬರಿದು.

ಬೈಯಲು ಬಂದರೆಂದುಕೊಂಡೆ.
ಬೈಯುವವರು ಬರುತ್ತಾರೆ, ಅಭ್ಯಾಸವಾಗಿದೆ.
ಕಳೆದ ತಿಂಗಳು ಚಿಕ್ಕಬಳ್ಳಾಪುರದಲ್ಲಿ
ಒತ್ತಡ ನಿರ್ವಹಣೆಯ ಒಂದು ದಿನದ ತರಬೇತಿ:
ಉಸಿರು ಒಳಗೆ ಎಂದರು, ಎಳೆದುಕೊಂಡೆವು,
ಹೊರಗೆ ಎಂದರು, ಬಿಟ್ಟೆವು,
ನಡುವೆ ಮೂರು ಸಲ ನನ್ನ ಫೋನು:
ಹಸು ಕರು ಹಾಕಿದೆ ಮೇಡಂ, ಮಾಸು ಬಿದ್ದಿಲ್ಲ.
ಊಟಕ್ಕೆ ಪಲಾವ್. ಆಮೇಲೊಂದು ಪ್ರಮಾಣಪತ್ರ.

ಪೀಲಿ ಅದರ ಹೆಸರು. ಹಳದಿ ಗೂಡಿನದೇ ಬಣ್ಣ.
ಹನ್ನೊಂದು ವರ್ಷ ಅವರ ಬಿಚ್ಚಾಣಿಕೆ ಶೆಡ್ಡಿನಲ್ಲಿ
ಇಲಿ ಕಾದದ್ದು. ಮೂತ್ರಪಿಂಡ ಸೋತಿತ್ತು.
ಮೊದಲ ಸೂಜಿಗೆ ನಿದ್ದೆ.
ಎರಡನೆಯದು, ಎರಡನೆಯದು.
ಇಷ್ಟು ತೂಕಕ್ಕೆ ಇಷ್ಟು ಮಿಲಿ, ಹೆಬ್ಬಾಳದಲ್ಲಿ ಕಲಿಸಿದ್ದರು.
ಖಾಲಿಯಾದ ಸಿರಿಂಜನ್ನು
ಎಷ್ಟು ಹೊತ್ತು ಹಿಡಿದಿರಬೇಕೆಂದು ಕಲಿಸಿರಲಿಲ್ಲ.
ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಬಿತ್ತು,
ಮನೆಯಲ್ಲಿ ಯಾರೂ ಮಾತಾಡದೆ ಉಂಡರು.

"ಕೊನೇಲಿ ಹೆಸರು ಹಿಡಿದು ಕರೆದೆ. ಕೇಳಿಸ್ತಾ ಅದಕ್ಕೆ?"
ಕೇಳಿಸಿತು ಎನ್ನುವುದು ಸುಲಭ.
ಗೊತ್ತಿಲ್ಲ ಸಾಬರೇ, ಅಂದೆ. ಒಂದು ಕಿವಿ ಆಡಿತು,
ಅಷ್ಟು ನೋಡಿದೆ.

"ದಿನಾ ಕುದಿಯೋ ನೀರಿಗೆ ಸಾವಿರಾರು ಜೀವ ಹಾಕ್ತೀನಿ,
ಎಣಿಸಿದವನಲ್ಲ. ಇದೊಂದಕ್ಕೆ ನೋಡಿ, ರೊಟ್ಟಿ ಇಳೀತಿಲ್ಲ.
ಹೆಂಡ್ತಿ ನಗ್ತಾಳೆ. ನಕ್ಕು, ಒಳಗೆ ಹೋಗಿ ಅಳ್ತಾಳೆ."
ಬೆಂದು ಬಿಳಿಚಿದ ಅವರ ಬೆರಳ ತುದಿ,
ಗೆರೆ ಅಳಿಸಿ ಹೋಗಿ,
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯದ ಬೆರಳು.

"ಇಲಿಗಳಿಗೆ ಸುದ್ದಿ ಮುಟ್ಟಿದೆ ಡಾಕ್ಟ್ರಮ್ಮಾ,
ನಿನ್ನೆ ರಾತ್ರೀನೇ ಬಂದ್ವು, ದಿಬ್ಬಣ ಬಂದ ಹಂಗೆ."
ಇಬ್ಬರೂ ನಕ್ಕೆವು. ನನ್ನದು ನಿಲ್ಲಲಿಲ್ಲ,
ನಿಲ್ಲದೆ ಎಲ್ಲೋ ಬೇರೆಯೇ ಆಯಿತು.
ಲಸಿಕೆಯ ಫ್ರಿಜ್ಜಿಗೆ ಮುಖ ಕೊಟ್ಟು ನಿಂತೆ.

ಅವರು ಸಮಾಧಾನ ಹೇಳಲಿಲ್ಲ. ಕಿಟಕಿಗೆ ಹೋಗಿ
ಅಂಗಳದ ಕುರಿಗಳನ್ನು ನೋಡುತ್ತ ನಿಂತರು,
ಯಾರದೋ ಮರಿಗೆ ಬೆಲೆ ಕಟ್ಟುವವರ ಹಾಗೆ,
ಬಹಳ ಹೊತ್ತು.
ಆಮೇಲೆ ಕಿಟಕಿಗೇ ಹೇಳಿದರು:
"ಎಳೆಯ ತುದಿ ಸಿಗೋವರೆಗೂ
ಕೈ ಬಿಸಿನೀರಲ್ಲೇ ಇರಬೇಕು. ಅವಸರ ಮಾಡಿದ್ರೆ ಹರೀತದೆ."

ಬುಟ್ಟಿ ಇಲ್ಲೇ ಇರಲಿ, ಅಂದರು,
ಯಾರಿಗಾದರೂ ಬೇಕಾಗುತ್ತದೆ.

ಹೊರಗೆ ಗಂಗರತ್ನಮ್ಮನ ಮೇಕೆ ಕೂಗಿತು,
ಅದರ ಹಿಂದೆಯೇ ಗಂಗರತ್ನಮ್ಮ.
ಹೊಟ್ಟೆ ಉಬ್ಬರಿಸಿ ತಮಟೆಯಾಗಿತ್ತು.
ಕೈಯಿಟ್ಟೆ.