ಕೆ. ಮೌನೇಶ

ಕಂಟೋನ್ಮೆಂಟಿನ ಹಳೆ ಗೋರಿಗಳ ನಡುವೆ
ಜಾಲಿ ಸರಿಸಿ ಓದಿದೆ: ಮರ್ಫಿ.
ಕಡಲ ಕಾದಾಳು ಎಂದರ್ಥವಂತೆ,
ಚರ್ಚಿನ ಮುದಿ ಪಾದ್ರಿ ಹೇಳಿದ್ದು.
ಹಗರಿಯಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲದ ಬಳ್ಳಾರಿಯಲ್ಲಿ
ಇಪ್ಪತ್ತೆರಡಕ್ಕೇ ಕಾಲರಾ ಒಯ್ದಿತ್ತು.

ಸಲಿವನ್ ಅಂದರೆ ಕರಿಗಣ್ಣಿನವ.
ಹಂಗಾದ್ರೆ ನಮ್ಮ ಕೌಲ್‌ಬಜಾರೆಲ್ಲ ಸಲಿವನ್ನರೇ!
ಪಾದ್ರಿ ನಕ್ಕಿದ್ದರು, ಹಲ್ಲಿಲ್ಲದೆ.

ಮೂಲೆಯ ಕಲ್ಲು ಸ್ಮಿತ್‌ನದು.
ಕಮ್ಮಾರ.
ಚಪ್ಪಲಿ ಬಿಟ್ಟು ನಿಂತೆ.

ನಾನೂ ಅದೇ. ತಿದಿ ಒತ್ತದ, ಸುತ್ತಿಗೆ ಎತ್ತದ
ಬ್ಯಾಂಕಿನ ಗುಮಾಸ್ತ; ಅಜ್ಜನ ಕುಲುಮೆಯೆಲ್ಲ ಈಗ
ಹೆಸರಿನ ಮುಂದೆ ಒಂದು ‘ಕೆ’, ಒಂದು ಚುಕ್ಕೆ.
ನೀನಾದರೂ ಕಬ್ಬಿಣ ಬಡಿದಿದ್ದೇನಪಾ,
ಇಲ್ಲಾ ನಿನ್ನದೂ ಬರೀ ಹೆಸರೇ?

ಅಂಗೈ ಊರಿದೆ.
ಏಪ್ರಿಲ್ಲಿನ ಕಲ್ಲು. ಚುರ್ರೆಂದಿತು.